ಎಂಟನ್ನು ಏಳು ಮಾಡಿದ ದಿನ

ಅಂದು ಬೆಳಿಗ್ಗೆಯೂ ಅತ್ತೆಯ ಗಂಜಿಯನ್ನು ಆರಲಿಕ್ಕೆ ಇಟ್ಟು ಉಪ್ಪಿನಕಾಯಿ ಭರಣಿಯ ಬಾಯಿ ಒರೆಸುತ್ತಿದ್ದೆ. ಸರಿಯಾಗಿ ಎಂಟಕ್ಕೆ ಷೋಕೇಸಿನ ಮೇಲಿನ ಪೆಟ್ಟಿಗೆ ಸಿಳ್ಳೆ ಹಾಕಿತು. ಒಂದು ಉದ್ದ, ಎರಡು ಗಿಡ್ಡ. ಕೊನೆಯದು ಮೇಲೆ ಹೋಗಲು ನೋಡಿ ಜಾರಿದ ಹಾಗೆ. ಅತ್ತೆ ತಾವಾಗಿಯೇ ಎದ್ದು ಮಾತ್ರೆ ನುಂಗಿದರು.

ಅದು ನನ್ನ ಗಂಡನ ಸಿಳ್ಳೆ. ಲಾಯಿಲದ ನಮ್ಮ ಮನೆಯ ಗೇಟು ತೆರೆಯುವಾಗ ಅವರು ಹಾಕುತ್ತಿದ್ದದ್ದು. ಪಂಪಿನ ಸ್ಟಾರ್ಟರ್ ರಿಪೇರಿ ಅವರ ಕೆಲಸ. ತಾಯಿಗೆ ಮಾತ್ರೆಯ ಹೊತ್ತು ನೆನಪಿಸಲೆಂದು ಉಗುರಿನಷ್ಟು ದೊಡ್ಡ ಮೈಕ್ರೋಕಂಟ್ರೋಲರ್ ಚಿಪ್ಪೊಂದನ್ನು ಹಾಕಿ ಈ ಪೆಟ್ಟಿಗೆ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಅವರ ಸದ್ದು ಎಂದು ಉಳಿದದ್ದು ಅದೊಂದೇ, ದಿನಕ್ಕೆ ಎರಡು ಸಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಇಡಬೇಕೆಂದು ನನಗೆ ಹೊಳೆಯಲಿಲ್ಲ. ದಿನಾ ಕೇಳುವುದನ್ನು ಯಾರು ರೆಕಾರ್ಡ್ ಮಾಡುತ್ತಾರೆ?

ಬಂಟ್ವಾಳದ ಡಾಕ್ಟರು ಮಾತ್ರೆಯನ್ನು ಎರಡು ಹೊತ್ತೂ ಎಂಟಕ್ಕಲ್ಲ, ಏಳಕ್ಕೆ ಕೊಡಿ ಎಂದಿದ್ದರು. ನಾನು ಕರೆದರೆ ಅತ್ತೆ ಮತ್ತೆ ನೋಡುವ ಎನ್ನುತ್ತಾರೆ. ಸಿಳ್ಳೆಗೆ ಮಾತ್ರ ಏಳುತ್ತಾರೆ. ಕಂಪ್ಯೂಟರಿನ ಸಿ ಭಾಷೆಯಲ್ಲಿ ನನ್ನ ಗಂಡ ಬರೆದ ಪ್ರೋಗ್ರಾಮು ಲ್ಯಾಪ್‌ಟಾಪಿನಲ್ಲಿತ್ತು, ಹೊಸದಾಗಿ ಕಲಿಯುವಾಗಿನ ಅವರ ನೋಟುಪುಸ್ತಕ ಡ್ರಾವರಿನಲ್ಲಿತ್ತು. ಎರಡು ಕಡೆ ಎಂಟನ್ನು ಏಳು ಮಾಡಿದರೆ ಸಾಕಲ್ಲ ಎಂದು ಒಂದು ವಾರ ಮಧ್ಯಾಹ್ನ ಕುಳಿತು ಓದಿದ್ದೆ.

ಮೊದಲು ಪ್ರೋಗ್ರಾಮನ್ನು ಲ್ಯಾಪ್‌ಟಾಪಿನದ್ದೇ ಕಂಪೈಲರ್‌ಗೆ, ಅಂದರೆ ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸುವುದಕ್ಕೆ, ಕೊಟ್ಟಿದ್ದೆ. ಒಂದು ತಪ್ಪೂ ತೋರಿಸಲಿಲ್ಲ, ಖುಷಿಯಾಯಿತು. ಚಿಪ್ಪು ಮಾತ್ರ ಅದನ್ನು ತೆಗೆದುಕೊಳ್ಳಲಿಲ್ಲ. ಪುಸ್ತಕದ ಮರುಪುಟದಲ್ಲಿ ಅವರ ಓರೆ ಅಕ್ಷರ: ಕಟ್ಟುವುದು ಇಲ್ಲಿ, ಓಡುವುದು ಅಲ್ಲಿ, ಆದ್ದರಿಂದ ಕ್ರಾಸ್ ಕಂಪೈಲರ್, ಯಾವ ಚಿಪ್ಪು ಎಂದು ಹೇಳಲು ಮರೆಯಬಾರದು. ಬೆಳುವಾಯಿಯಲ್ಲಿ ನನ್ನ ಅಮ್ಮ ಮುಂಬೈಯ ಅಕ್ಕನಿಗೆ ರವಿಕೆ ಹೊಲಿಯುತ್ತಿದ್ದದ್ದು ನೆನಪಾಯಿತು. ಬಟ್ಟೆ ಇಲ್ಲಿ, ಮೈ ಅಲ್ಲಿ. ಅಳತೆಯ ಚೀಟಿಯೇ ಆಧಾರ. ನಾನು ಲ್ಯಾಪ್‌ಟಾಪಿನ ಅಳತೆಗೆ ಹೊಲಿದಿದ್ದೆ.

ಅಂದು ಗಂಜಿಯ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಚಿಪ್ಪಿನ ಹೆಸರು ಸರಿಯಾಗಿ ಕೊಟ್ಟು ಕ್ರಾಸ್ ಕಂಪೈಲರ್ ಓಡಿಸಿದೆ. ವಯರು ಸಿಕ್ಕಿಸಿ ಕಳುಹಿಸಿದೆ. ಅಳಿಸುತ್ತಿದೆ ಎಂದು ಪರದೆಯಲ್ಲಿ ಇಂಗ್ಲಿಷಿನಲ್ಲಿ ಬಂತು. ಆಮೇಲೆ ಬರೆಯುತ್ತಿದೆ ಎಂದು, ಆಮೇಲೆ ಮುಗಿಯಿತು ಎಂದು. ಮೂರನ್ನೂ ಓದಿದೆ, ಬಸ್ಸಿನ ಬೋರ್ಡು ಓದಿದ ಹಾಗೆ.

ಪೆಟ್ಟಿಗೆಯ ಹಿಂದಿನ ಪರೀಕ್ಷೆಯ ಗುಂಡಿ ಒತ್ತಿದೆ. ಪೀಂ, ಪೀಂ ಎಂದಿತು. ಇನ್ನೊಮ್ಮೆ ಒತ್ತಿದೆ. ಪೀಂ, ಪೀಂ.

ಮೂಡುಬಿದಿರೆಯಲ್ಲಿ ವರ್ಕ್‌ಶಾಪ್ ಇರುವ ನನ್ನ ಗಂಡನ ಸ್ನೇಹಿತರಿಗೆ ಫೋನ್ ಮಾಡಿದೆ. ಸಿಳ್ಳೆಯನ್ನು ಕೊನೆಗೆ ಸೇರಿಸಿದ್ದು ಅಲ್ಲಿಯ ಕಂಪ್ಯೂಟರಿನಲ್ಲಂತೆ. ಅದು ಕಳೆದ ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿದೆಯಂತೆ. ನನ್ನ ಹತ್ತಿರ ಇದ್ದದ್ದು ಅದಕ್ಕಿಂತ ಹಳೆಯ ಪ್ರತಿ. ಹೊಸದು ಚಿಪ್ಪಿನೊಳಗೆ ಮಾತ್ರ ಇತ್ತು.

ಅವರೆಂದರು, “ಬರೆಯುವ ಮೊದಲು ಒಳಗಿದ್ದದ್ದನ್ನು ಒಮ್ಮೆ ಓದಿ ಪ್ರತಿ ಮಾಡಿ ಇಡ್ಬೇಕಿತ್ತು ಅಕ್ಕ. ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ.”

ಮತ್ತೆ, ಸಿಳ್ಳೆ ಹಾಕಿ ತೋರಿಸಿದರೆ ಸ್ವರ ಹಿಡಿದು ಬರೆದುಕೊಡುತ್ತೇನೆ ಎಂದರು. ನನಗೆ ಸಿಳ್ಳೆ ಬರುವುದಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಹುಡುಗಿಯರು ತುಟಿ ಗುಂಡಗೆ ಮಾಡಿದರೂ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಫೋನ್ ಹಿಡಿದುಕೊಂಡು ಊದಿದೆ. ಬರೇ ಗಾಳಿ ಬಂತು. ಅವರು, ಇರಲಿ ಅಕ್ಕ, ಎಂದರು.

ಸಂಜೆ ಏಳಕ್ಕೆ ಪೆಟ್ಟಿಗೆ ತಪ್ಪದೆ ಕೂಗಿತು. ಅತ್ತೆ ಕುಳಿತಲ್ಲಿಂದ ಏಳಲಿಲ್ಲ. “ಯಾರದ್ದೋ ಫೋನು ಬರ್ತಾ ಉಂಟು, ನೋಡು” ಎಂದರು. ಮಾತ್ರೆಯನ್ನು ನಾನೇ ಅವರ ಕೈಗೆ ಹಾಕಿದೆ.

ಆಗ ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹೆಂಗಸು ಹಿಂದಿನ ದಿನದ ಪಾತ್ರೆ ವಾಪಸು ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದರು.

“ಸಿಳ್ಳೆ ತೆಗ್ದಿರಾ ಅಕ್ಕ? ಒಳ್ಳೆದಾಯ್ತು. ಅದು ಕೇಳಿದ್ರೆ ಸಾಕು, ನನ್ನ ಕೈ ಇನ್ನೂ ತಲೆಯ ಶಾಲಿಗೆ ಹೋಗ್ತಿತ್ತು, ನಿಮ್ಮ ಗೇಟಿಗೆ ಅಣ್ಣ ಬಂದ್ರು ಅಂತ.”