ಬರೇ ಹುಲ್ಲು

“ಈ ಗಾಯರಾಣಕ್ಕ ನೇಗಿಲಾ ಬೀಳೂದು ಆಗೂ ಮಾತಲ್ಲ” ಎಂದಿದ್ದಳು ನನ್ನ ಸೋದರತ್ತೆ ಗೌರವ್ವ. ಬಿತ್ತು. ಬೀಳಿಸಿದವನು ನಾನು — ನೇಗಿಲು ಹಿಡಿದಲ್ಲ, ಒಂದು ಸುಳ್ಳು ಹೇಳಿ.

ಗಾಯರಾಣವೆಂದರೆ ಊರ ದನ-ಕುರಿ ಮೇಯಲು ಬಿಟ್ಟ ಹುಲ್ಲುನೆಲ. ನಮ್ಮೂರದು ಮುಂಡರಗಿಯ ದಾರಿಯಲ್ಲಿತ್ತು. ಅಲ್ಲಿ ಎರೆಭೂತ ಎಂಬ ಹಕ್ಕಿ ಇತ್ತು. ಬೆಳ್ಳನೆಯ ಕತ್ತು, ಕರಿ ನೆತ್ತಿ, ನಿಂತರೆ ನನ್ನ ಸೊಂಟಕ್ಕೆ ಬರುವಷ್ಟು ಎತ್ತರ. ಅದು ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ಒಂದೇ ತತ್ತಿ. ಆಡು ಮೇಯಿಸುವ ಅತ್ತೆ ಆ ತತ್ತಿಯನ್ನು ಕಂಡರೆ ಹಿಂಡನ್ನು ಸುತ್ತುದಾರಿಯಲ್ಲಿ ಹೊಡೆದುಕೊಂಡು ಹೋಗುತ್ತಿದ್ದಳು. ಅದರತ್ತ ಬೆರಳು ಚಾಚುವಂತಿರಲಿಲ್ಲ. ಎಳೆಯ ಸೌತೆಗೆ, ಕುಂಬಳಕ್ಕೆ ಬೆರಳು ತೋರಿಸಿದರೆ ಕೊಳೆಯುತ್ತದೆ ಅನ್ನುತ್ತಾರಲ್ಲ, ಹಾಗೆ. ಬೆರಳು ಮಡಚಿ, ಗೆಣ್ಣಿನಿಂದ ತೋರಿಸಬೇಕು.

ನಾನು ಗದಗದಲ್ಲಿ ಮ್ಯಾಟ್ರಿಕ್ ಓದಿದ್ದು ಬೆಟಗೇರಿಯ ಒಬ್ಬ ಅರಳೆ ಸಾವಕಾರರ ಅನ್ನದಿಂದ. ಎರಡು ಹೊತ್ತೂ ಅವರ ಪಡಸಾಲೆಯಲ್ಲೇ ಊಟ. ಉಂಡ ಮನೆಯ ಗಳ ಎಣಿಸಬಾರದು — ಎಣಿಸಲಿಲ್ಲ. ಧಾರವಾಡದಲ್ಲಿ ಅವರ ಅಳಿಯನ ಮನೆಯಿತ್ತು. ಕಾಲೇಜು ಸೇರಿದರೆ ಅಲ್ಲೇ ಇರು ಎಂದಿದ್ದರು. ನಮ್ಮ ಮನೆಯಲ್ಲಿ ಅಕ್ಷರ ಕಲಿತವನು ನಾನೊಬ್ಬನೇ.

ಸ್ವಾತಂತ್ರ್ಯ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕಾಳು ಸಾಲದು, ಬೀಳುನೆಲ ಒಡೆದು ಬಿತ್ತಿರಿ ಎಂದು ಸರ್ಕಾರ ಹೇಳುತ್ತಿತ್ತು. ನಮ್ಮ ಗಾಯರಾಣವನ್ನು ಸಾಗುವಳಿಗೆ ಕೇಳಿದವರು ಅದೇ ಸಾವಕಾರರು. ಬಾಯಲ್ಲಿ ಜೋಳ, ಮನಸ್ಸಿನಲ್ಲಿದ್ದದ್ದು ಹತ್ತಿ. ಮ್ಯಾಟ್ರಿಕ್ ಮುಗಿಸಿ ಬೇಸಿಗೆಯಲ್ಲಿ ನಾನು ಊರಿಗೆ ಬಂದಿದ್ದಾಗ ತಾಲೂಕಿನ ಅಧಿಕಾರಿ ಮಾಮಲೇದಾರರು ನೆಲ ನೋಡಲು ಬಂದರು. ಊರವರು ಸುತ್ತ ನಿಂತರು.

ಅತ್ತೆ ಮುಂದೆ ಬಂದು, “ಇಲ್ಲಿ ಎರೆಭೂತ ತತ್ತಿ ಇಡತಾವ್ರಿ. ಇದನ್ನ ಒಡದ್ರ ಅವು ಎಲ್ಲಿಗೆ ಹೋಗಬೇಕ್ರಿ?” ಎಂದಳು.

“ಹಕ್ಕಿ ಹೆಸರೀಲೆ ಹೊಲದ ಉತಾರ ತಗಿಸಿಯೇನಬೇ?” ಎಂದರು ಸಾವಕಾರರು. ಜನ ನಕ್ಕರು. ಮಾಮಲೇದಾರರು ನಗಲಿಲ್ಲ, ನನ್ನ ಕಡೆ ತಿರುಗಿದರು.

“ನೀ ಕಲ್ತಾಂವ. ನೀ ಹೇಳಪಾ, ಇಲ್ಲಿ ಏನರೆ ಐತೇನು?”

“ನಮ್ಮ ಮನಿ ಅನ್ನ ಉಂಡ ಹುಡುಗ ಅದಾನ್ರಿ. ಸುಳ್ಳು ಹೇಳೂದಿಲ್ಲ” ಎಂದು ಸಾವಕಾರರು ನನ್ನ ಹೆಗಲ ಮೇಲೆ ಕೈ ಇಟ್ಟರು.

ಹಿಂದಿನ ದಿನವಷ್ಟೇ ಅತ್ತೆ ಗೆಣ್ಣಿನಿಂದ ತೋರಿಸಿದ್ದಳು — ತತ್ತಿ ನಾವು ನಿಂತಲ್ಲಿಂದ ಕೂಗಳತೆಯೊಳಗೇ ಇತ್ತು. ಹೆಗಲ ಮೇಲಿನ ಕೈ ಭಾರವೇನೂ ಇರಲಿಲ್ಲ. ಆದರೂ ಅದರಡಿಯಿಂದ ಹೊರಬರಲು — ಧಾರವಾಡ ಕಾಣಿಸಿತು, ಪಡಸಾಲೆ ಕಾಣಿಸಿತು, ಬಡಿಸಿಟ್ಟ ತಾಟು ಕಾಣಿಸಿತು.

“ಏನೂ ಇಲ್ರೀ ಸಾಹೇಬ್ರ. ಬರೇ ಹುಲ್ಲು.”

ಅತ್ತೆ ಹೋಗಿ ತತ್ತಿ ತೋರಿಸಬಹುದಿತ್ತು. ತೋರಿಸಿದ್ದರೆ ಅಷ್ಟು ಜನರೆದುರು ನಾನು ಸುಳ್ಳುಗಾರ. ನನ್ನ ಮುಖ ನೋಡಿದಳು, ಸೆರಗು ಎಳೆದುಕೊಂಡಳು, ಆಡುಗಳನ್ನು ತಿರುಗಿಸಿಕೊಂಡು ಹೋದಳು. ನಾನು ಸಿಕ್ಕಿದ ಬಲೆಯಲ್ಲಿ ಅವಳನ್ನೂ ಸಿಕ್ಕಿಸಿದ್ದೆ.

ಮಳೆಗೆ ಮೊದಲೇ ನೇಗಿಲು ಬಂತು. ಹಕ್ಕಿ ಕೆಲವು ದಿನ ಹೆಂಟೆಗಳ ನಡುವೆ ಕತ್ತೆತ್ತಿ ನೋಡುತ್ತ ನಡೆದಾಡಿತು. ಆಮೇಲೆ ಕಾಣಲಿಲ್ಲ. ಧಾರವಾಡದಲ್ಲಿ ಇದ್ದಷ್ಟು ವರ್ಷವೂ ಆ ಅಳಿಯನ ಮನೆಯ ಅನ್ನ ಉಂಡೆ. ಬಿಟ್ಟೆದ್ದು ಬರುವ ಧೈರ್ಯ ಒಂದು ದಿನವೂ ಬರಲಿಲ್ಲ. ಲಕ್ಷ್ಮೇಶ್ವರದ ಕಡೆಯ ಗಾಯರಾಣಗಳನ್ನೂ ಒಡೆದರು, ನಾನು ಹೇಳದಿದ್ದರೂ ನಮ್ಮದು ಉಳಿಯುತ್ತಿರಲಿಲ್ಲ ಎಂದು ಎಷ್ಟೋ ಸಲ... ಇರಬಹುದು. ಆದರೆ ನಮ್ಮದರ ಬಗ್ಗೆ ಕೇಳಿದ್ದು ನನ್ನನ್ನು. ಒಮ್ಮೆ ಅತ್ತೆಗೇ ಹೇಳಿಬಿಟ್ಟೆ — ತತ್ತಿಗೆ ಬೆರಳು ತೋರಿಸಬಾರದೆಂದು ಕಲಿಸಿದವಳು ನೀನೇ ಅಲ್ಲವೇ, ಎಂದು. ಓದಿದವನಿಗೆ ನೆಪಗಳ ಬರವಿಲ್ಲ. ಅವಳು ಆಡುಗಳನ್ನು ಬಿಡಲು ಎದ್ದು ಹೋದಳು.

ಕನ್ನಡ ನಾಡು ಒಂದಾದ ವರ್ಷ ನಾನು ಬಿ.ಎ. ಆದೆ. ನಮ್ಮ ಮನೆತನಕ್ಕೇ ಮೊದಲು. ಆ ಹೆಮ್ಮೆ ಈಗಲೂ ಇದೆ, ಇಲ್ಲವೆಂದು ಇನ್ನೊಂದು ಸುಳ್ಳೇಕೆ ಹೇಳಲಿ. ಸರ್ಟಿಫಿಕೇಟು ತಂದು ಮೊದಲು ಅತ್ತೆಯ ಕೈಗೇ ಕೊಟ್ಟೆ. ಕೈ ಒರೆಸಿಕೊಂಡು ತೆಗೆದುಕೊಂಡಳು. ಬೆರಳು ಮಡಚಿ, ಗೆಣ್ಣಿನಿಂದ ಒಂದು ಸಾಲನ್ನು ಮುಟ್ಟಿದಳು.

“ನಿನ್ನ ಹೆಸರು ಇದೇನು?”

“ಅದಽ, ಅತ್ತಿ.”

“ಚಲೋ ಆತು, ತಮ್ಮಾ.” ಹಾಳೆಯನ್ನು ನನಗೆ ಮರಳಿ ಕೊಟ್ಟಳು. “ಅವತ್ತ ನೀ ಬೆರಳು ನೆಟ್ಟಗ ಮಾಡಿ ತೋರಿಸಿದ್ರೂ ತತ್ತಿ ಕೊಳೀತಿದ್ದಿಲ್ಲ.”