ಪೆಟ್ಟಿಗೆಯಲ್ಲಿಲ್ಲದ ತಟ್ಟೆ

ಗ್ರಾಮೊಫೋನ್ ತಟ್ಟೆಗಳನ್ನು ಕೂಡಿಸುವವನ ಮನೆಗೆ ಬರುವ ಅತಿಥಿಗಳಲ್ಲಿ ಒಂದು ಸಮಾನ ಗುಣವಿದೆ: ಪೆಟ್ಟಿಗೆಯಲ್ಲಿರುವ ಎರಡು ಡಜನ್ ತಟ್ಟೆಗಳನ್ನು ಬಿಟ್ಟು, ಇಲ್ಲದ ಒಂದನ್ನೇ ಕೇಳುತ್ತಾರೆ. ಲಿಂಗಸುಗೂರಿನ ನನ್ನ ಮನೆಯಲ್ಲಿ ಅವರಿಗೆ ಈ ಕೆಲಸ ಬಹಳ ಸುಲಭ. ವಚನಗಳಿಲ್ಲ, ಶಹನಾಯಿ ಇಲ್ಲ, ಗಜಲು ಇಲ್ಲ, ನಾಟಕದ ಹಾಡಂತೂ ಇಲ್ಲವೇ ಇಲ್ಲ. ಇರುವುದೆಲ್ಲ ಜಾಝ್. ಕಹಳೆ, ಕ್ಲಾರಿನೆಟ್, ಪಿಯಾನೊಗಳು ಸಂತೆಯ ಜಗಳದಂತೆ ಒಂದರ ಮಾತನ್ನು ಇನ್ನೊಂದು ಕಸಿದುಕೊಳ್ಳುತ್ತ ಹೊರಟು, ಹೇಗೋ ಕೊನೆಗೆ ಎಲ್ಲವೂ ಒಂದೇ ಬಂಡಿ ಹತ್ತಿ ಊರಿಗೆ ಹೋಗುವ ಅಮೆರಿಕದ ಸಂಗೀತ.

ಹೈದರಾಬಾದಿನ ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದಾಗ, ಸಿಕಂದರಾಬಾದಿನ ಅಂಗಡಿಯೊಂದರ ಮುಂದೆ ನಿಂತು ಪುಕ್ಕಟೆಯಾಗಿ ಹತ್ತಿಸಿಕೊಂಡ ರುಚಿ ಇದು. ಊರಿಗೆ ಮರಳಿ, ಕಾಲುವೆ ಕೆಲಸ ಎಲ್ಲಿಗೆ ಬಂತು, ಮಳೆ ಎಷ್ಟು ಬಿತ್ತು ಎಂದು ಅದೇ ಪತ್ರಿಕೆಗೆ ಸುದ್ದಿ ಕಳಿಸುವ ಬಾತ್ಮೀದಾರನಾದ ಮೇಲೂ ರುಚಿ ಬಿಡಲಿಲ್ಲ. ರುಚಿ ಬೆಳೆಸಿಕೊಂಡವನಿಗೆ ಒಂದು ಸಣ್ಣ ಸೊಕ್ಕೂ ಬೆಳೆಯುತ್ತದೆ, ಓದುಗರೇ. ತನಗೆ ಸೇರದ್ದು ಯಾರಿಗೂ ಬೇಕಿರಲಾರದು ಎಂದು ಅವನು ನಂಬುತ್ತಾನೆ. ನಾನೂ ನಂಬಿದ್ದೆ.

ಮದುವೆಯಲ್ಲಿ ಮಸ್ಕಿಯ ನನ್ನ ಮಾವನವರು ಅಳಿಯನಿಗೆಂದು ಗ್ರಾಮೊಫೋನನ್ನೂ ಅದರ ಜತೆ ಎಂಟು ತಟ್ಟೆಗಳನ್ನೂ ಕೊಟ್ಟಿದ್ದರು. ಎಂಟೂ ನಾಟಕದ ಹಾಡುಗಳೇ. ಅವುಗಳಲ್ಲೊಂದು ಅವರ ತಮ್ಮ ವೀರಭದ್ರಪ್ಪ ಹಾಡಿದ್ದು. ನಾಟಕ ಕಂಪನಿಯಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದ ಆತ ಜೀವಮಾನದಲ್ಲಿ ಧ್ವನಿಮುದ್ರಿಸಿದ್ದು ಅದೊಂದೇ ಹಾಡು, ಕಾಡಿಗೆ ಹೊರಟ ರಾಣಿಯ ಅಳಲು. ಅನಂತರ ಪರವೂರಿನಲ್ಲಿ ಕಾಲರಾ ಬಂದು ತೀರಿಕೊಂಡ. ಅವನ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಹೆಂಡತಿ ನೀಲಮ್ಮ ಬಾಣಂತನಕ್ಕೆ ತವರಿಗೆ ಹೋದಾಗ, ಎಂಟನ್ನೂ ಚೀಲಕ್ಕೆ ಹಾಕಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಅಲ್ಲಿ ಹೋಟೆಲು ನಡೆಸುವ ಖಾದರ್ ಸಾಹೇಬರು ಮೊದಲು ಸಿಕಂದರಾಬಾದಿನ ಫೌಜಿ ಸಾಹೇಬನೊಬ್ಬನ ಮನೆಯಲ್ಲಿ ಅಡುಗೆಯವರು. ಸಾಹೇಬ ವಿಲಾಯತಿಗೆ ಹೋಗುವಾಗ ಎಂಟು ಜಾಝ್ ತಟ್ಟೆಗಳನ್ನು ಇನಾಮು ಕೊಟ್ಟು ಹೋಗಿದ್ದ. ಅವನ್ನು ಹಚ್ಚಿದರೆ ಗಿರಾಕಿಗಳು ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರಂತೆ. ಎಂಟಕ್ಕೆ ಎಂಟು ಅದಲು ಬದಲಾಯಿತು. ಇಬ್ಬರೂ ಇನ್ನೊಬ್ಬನಿಗೆ ಟೋಪಿ ಹಾಕಿದೆವೆಂಬ ಸಂತೋಷದಲ್ಲಿ ಕೈ ಕುಲುಕಿದೆವು.

ನೀಲಮ್ಮ ಕೂಸಿನೊಂದಿಗೆ ಬಂದವಳು ಪೆಟ್ಟಿಗೆ ತೆರೆದು, "ನಮ್ಮ ಕಾಕಾ ಎಲ್ಲಿ?" ಎಂದಳು.

"ಒಬ್ರು ಕೇಳಾಕ ಒಯ್ದಾರ" ಎಂದೆ. ಸುದ್ದಿಯ ವಿಷಯದಲ್ಲಿ ನಾನು ಅಷ್ಟು ಹಸಿ ಸುಳ್ಳು ಬರೆದವನಲ್ಲ.

ವರ್ಷ ಕಳೆಯಿತು. ಒಂದು ದಿನ ತಹಶೀಲಿ ಕಚೇರಿಯ ಕೆಲಸಕ್ಕೆ ಬಂದ ಮಾವನವರು ಊಟ ಮುಗಿಸಿ, ಗೋಡೆಗೆ ಒರಗಿ, "ಅಳಿಯಂದಿರೇ, ನಮ್ಮ ತಮ್ಮಂದು ಹಾಡಿನ ತವಾ ಹಚ್ರಿ. ಅವನ ದನಿ ಕೇಳಿ ಭಾಳ ದಿವಸ ಆತು" ಎಂದರು. ನೀಲಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನಂಬಲರ್ಹ ಮೂಲಗಳಿಂದ ತಿಳಿದುಬಂದಿದೆ ಎಂದು ಏನನ್ನಾದರೂ ಹೆಣೆಯಬಹುದಿತ್ತು. ಆದರೆ ನಂಬಲರ್ಹ ಮೂಲ ಅಲ್ಲೇ ಸೌಟು ಹಿಡಿದು ನಿಂತಿತ್ತು. ಇದ್ದದ್ದನ್ನು ಹೇಳಿದೆ.

ಅವರು ಸಿಟ್ಟಾಗಲಿಲ್ಲ. "ಯಾವುದಕ್ಕ ಬದಲಿ ಕೊಟ್ರಿ? ಅದನ್ನ ಹಚ್ರಿ" ಎಂದರು.

ಇದ್ದುದರಲ್ಲಿ ಶ್ರೇಷ್ಠವಾದದ್ದನ್ನು ಆರಿಸಿ ಚಾವಿ ಕೊಟ್ಟೆ. ಕಹಳೆ ಅಂದು ಎಂದಿಗಿಂತ ಹೆಚ್ಚು ಕುಣಿಯಿತು. ಮಾವನವರು ಕಣ್ಣು ಮಿಟುಕಿಸದೆ ಕಡೆಯವರೆಗೂ ಕೇಳಿ, "ಇದಕ್ಕ?" ಎಂದರು.

ನನ್ನ ರುಚಿಯ ಬಗ್ಗೆ ಅಷ್ಟು ಚಿಕ್ಕ ವಿಮರ್ಶೆಯನ್ನು ನಾನು ಕೇಳಿಲ್ಲ. "ಯಪ್ಪಾ, ಇವು ದಿನಾ ಹಿಂಗs ಒದರ್ತಾವ. ಕೂಸು ಚಿಟ್ಟನ ಚೀರಿ ಏಳತೈತಿ" ಎಂದು ನೀಲಮ್ಮ ಬಾಗಿಲಿನಿಂದಲೇ ಒಂದು ಪುರವಣಿ ಸೇರಿಸಿದಳು.

ಮರುದಿನ ಮಾವ, ಅಳಿಯ ಸಿಂಧನೂರಿಗೆ ಹೋದೆವು. ತಟ್ಟೆ ಸಿಕ್ಕರೆ ತಮ್ಮ ಸಿಗುತ್ತಾನೆ. ಖಾದರ್ ಸಾಹೇಬರು ಮಾರಿದ್ದರೆ, ಒಡೆದಿದ್ದರೆ, ಆ ದನಿ ಇನ್ನೆಲ್ಲೂ ಇಲ್ಲ.

ತಟ್ಟೆ ಇತ್ತು. ಖಾದರ್ ಸಾಹೇಬರು ಹಚ್ಚಿದರು. ಸುಣ್ಣದ ಕಲ್ಲಿನ ಮೇಲೆ ಉಸುಕು ತಿಕ್ಕಿದಂಥ ಸದ್ದು, ಅದರ ನಡುವೆ ಎಲ್ಲೋ ದೂರದಲ್ಲಿ ರಾಣಿ. ಮಾವನವರು ಯಂತ್ರದ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಈ ಸೂಜಿ ಹಾಕಿ ಎಷ್ಟ ದಿವಸ ಆತ್ರೀ?"

"ಜುಮ್ಮಾಕ್ಕೊಮ್ಮೆ ಬದಲಿ ಮಾಡ್ತೀನ್ರೀ ಗೌಡ್ರ."

"ಒಂದು ಹಾಡಿಗೆ ಒಂದು ಸೂಜಿ ರೀ! ವಾರಗಟ್ಟಲೆ ನನ್ನ ತಮ್ಮನ ಗಂಟಲಾ ಕೆರಿಯಾಕತ್ತೀರಿ."

ಖಾದರ್ ಸಾಹೇಬರ ಕೈಯ ಚಹಾ ಜರಡಿ ಹಾಗೇ ನಿಂತಿತು. "ತಮ್ಮ? ಯಾ ಅಲ್ಲಾ, ನಾವು ಹೆಣ್ಮಗಳು ಅಂತ ತಿಳ್ಕೊಂಡೀವಿ! ಕಾಲುವಿ ಕೆಲಸದ ಲಾರಿ ಡ್ರೈವರು ಇಬ್ರು ಈಕಿ ಮ್ಯಾಲ ಆಶಿಕ್ ಆಗ್ಯಾರ. ಯಾವ ಊರಾಕಿ ಅಂತ ದಿನಾ ಕೇಳ್ತಾರ."

ಮಾವನವರು ಎರಡು ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು, ಹೊಟ್ಟೆ ಹಿಡಿದು ಬೆಂಚಿನ ಮೇಲೆ ಕೂತುಬಿಡುವಷ್ಟು ನಕ್ಕರು. "ಅವ ಇದ್ದಾಗನೂ ಇದs ಹಣೇಬಾರ ಇತ್ತು" ಎಂದು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

"ಒಯ್ರಿ ಗೌಡ್ರ, ನಿಮ್ಮ ಅಮಾನತು, ನಿಮ್ಮ ಸೊತ್ತು ನಿಮಗ" ಎಂದು ಖಾದರ್ ಸಾಹೇಬರು ತಟ್ಟೆಯನ್ನು ಪಂಜೆಯಿಂದ ಒರೆಸಿ ಚಾಚಿದರು. ಬೆಂಚುಗಳ ಮೇಲೆ ಕೂತಿದ್ದವರ ಮುಖ ಇಳಿಯಿತು. ಮಾವನವರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಬ್ಯಾಡ್ರಿ. ಇವರ ಪೆಟಿಗ್ಯಾಗ ಇದ್ರ ಮಕ್ಕೊಂತಾನ. ಇಲ್ಲಿ ಇದ್ರ ಹಾಡ್ತಾನ." ಆಮೇಲೆ ನನ್ನ ಕಡೆ ತಿರುಗಿ, "ನೀವು ಕೊಟ್ಟದ್ದs ಛಲೋ ಆತು ಅಂತ ನಾ ಅನ್ನಾಂಗಿಲ್ಲ ಅಳಿಯಂದಿರೇ. ತಪ್ಪು ತಪ್ಪs. ತಿಂಗಳಿಗೊಮ್ಮೆ ಸೂಜಿ ತಂದು ಕೊಡೂದು ನಿಮ್ಮ ಪಾಲಿಂದು."

ಅಂದಿನಿಂದ ರಾಯಚೂರಿಗೆ ಹೋದಾಗಲೆಲ್ಲ ನಾನು ಕೊಳ್ಳುವ ಸೂಜಿಗಳಲ್ಲಿ ಮುಕ್ಕಾಲು ಪಾಲು ಸಿಂಧನೂರಿಗೆ ಹೋಗುತ್ತವೆ. ಕೊಡಲು ಹೋದವನು ಚಹಾ ಮುಗಿಯುವವರೆಗೆ ಕೂತು ಕೇಳಲೇಬೇಕು. ಕೇಳಿ ಕೇಳಿ, ಒಂದು ವಿಷಯ ವರದಿ ಮಾಡಬೇಕಾಗಿದೆ: ವೀರಭದ್ರಪ್ಪ ಒಂದು ಸಾಲನ್ನು ಎತ್ತಿಕೊಂಡು, ಹಾರ್ಮೋನಿಯಮ್ಮಿನ ಕೈಗೆ ಸಿಗದೆ ಅಡ್ಡದಾರಿಯಲ್ಲಿ ಓಡಿ, ಸರಿಯಾಗಿ ತಾಳದ ಏಟಿಗೆ ಬಂದು ಕೂಡಿಕೊಳ್ಳುವ ಬಗೆ ನನ್ನ ಕಹಳೆಯವನಿಗೂ ಗೊತ್ತಿದೆ. ಇದನ್ನು ನೀಲಮ್ಮನಿಗೆ ಹೇಳಿದೆ. "ಈಗ ತಿಳೀತೇನ್ರೀ?" ಎಂದಳು.

ಕಳೆದ ತಿಂಗಳು ಮಾವನವರು ಮತ್ತೆ ಬಂದಿದ್ದರು. ಊಟದ ನಂತರ ಏನನ್ನೂ ಕೇಳಲಿಲ್ಲ. ನಾನೇ ಹೆದರುತ್ತ ಅದೇ ಜಾಝ್ ತಟ್ಟೆಯನ್ನು ಇಟ್ಟೆ. ಅವರು ಗೋಡೆಗೆ ಒರಗಿ ಕೇಳಿದರು.

"ಈ ಊದಾಂವ ಇನ್ನೂ ಇದ್ದಾನೇನ್ರೀ?"

"ಗೊತ್ತಿಲ್ರಿ ಮಾವ. ಭಾಳ ಹಳೀ ತವಾ."

"ಇವಗೂ ಎಲ್ಲೋ ಒಬ್ಬ ಅಣ್ಣ ಇರಬೇಕಲ್ರೀ" ಎಂದರು. ಹಾಡು ಮುಗಿಯಿತು. ಇನ್ನೊಮ್ಮೆ ಹಚ್ಚಲು ನಾನು ಚಾವಿಗೆ ಕೈ ಹಾಕಿದಾಗ ಅವರು ತಡೆದರು.

"ಮದಲ ಸೂಜಿ ಬದಲಿ ಮಾಡ್ರಿ."