ನನ್ನ ಬೈಗುಳಕ್ಕೆ ಮಗಳ ತಾಳ

ಹೊಳಲ್ಕೆರೆಗೆ ಹೊರಟಿದ್ದ ಬಸ್ಸಿನಲ್ಲಿ ಪಕ್ಕದ ಹುಡುಗಿಯ ಮೊಬೈಲಿನಿಂದ ನನ್ನದೇ ದನಿ ಬಂತು: “ಲೇ, ನಿನ್ ಕೈಲಿ ಏನಾಗ್ತೈತೆ? ಏನೂ ಆಗಲ್ಲ!”

ಇಣುಕಿದರೆ, ಪಿಯುಸಿ ಓದುವ ನನ್ನ ಮಗಳು ಸ್ಟೀಲ್ ತಟ್ಟೆ ಬಡಿಯುತ್ತ ರೀಲ್ಸ್‌ನಲ್ಲಿ ಕುಣಿಯುತ್ತಿದ್ದಾಳೆ! ನಾನು ದಿನಾ ಬೆಳಿಗ್ಗೆ ಬೈಯುವುದನ್ನು ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡು, ನಮ್ಮನೆ ಕುಕ್ಕರಿನ ಕೂಗನ್ನೂ ಸೇರಿಸಿ ಹಾಡು ಮಾಡಿಬಿಟ್ಟಿದ್ದಾಳೆ.

“ಭಾರಿ ಐತಲ್ಲ ಆಂಟಿ? ನಮ್ ಕಾಲೇಜಲ್ಲಿ ಎಲ್ರೂ ಇದನ್ನೇ ಹಾಡ್ತಾರೆ. ನಮ್ಮಮ್ಮನೂ ಹಿಂಗೇ ಬೈತಾಳೆ” ಎಂದು ಆ ಹುಡುಗಿ ನಕ್ಕಳು. ದನಿ ಗುರುತು ಸಿಕ್ಕೀತೆಂದು ಹೆದರಿ ಕಂಡಕ್ಟರಿಗೂ ಬಾಯಿ ಬಿಡದೆ ಕೈಸನ್ನೆಯಲ್ಲೇ ಟಿಕೆಟ್ ಕೇಳಿದೆ.

ಮನೆಗೆ ಬಂದು ಮಗಳನ್ನು ಬೈಯಲು ಬಾಯಿ ತೆರೆದರೆ ನಾಲಿಗೆಗೆ ಬಂದದ್ದು ಮತ್ತದೇ ಮಾತು. ನುಂಗಿಕೊಂಡೆ. ಇಷ್ಟು ವರ್ಷ ಅವಳು ಅದನ್ನು ತಾಳವಿಲ್ಲದೆಯೇ ಕೇಳಿದ್ದಳಲ್ಲ!